ಗುಂಡಿ

ದಿಬ್ಬೂರಹಳ್ಳಿಯಿಂದ ಶಿಡ್ಲಘಟ್ಟದ ತನಕ ರಸ್ತೆಯಲ್ಲಿ ಎಷ್ಟು ಗುಂಡಿ,
ಎಣಿಸಿದ್ದೇನೆ: ಕೆರೆಕೋಡಿಗೆ ಬರುವಷ್ಟರಲ್ಲಿ ಹತ್ತೊಂಬತ್ತು.
ಆಮೇಲೆ ಎಣಿಸುವುದು ಬಿಟ್ಟೆ.
ನನ್ನ ಕಾರಿನೊಳಗೆ ಒಂದೂ ಇಲ್ಲ.

ಪುಟಾಣಿ ಕಾರು. ಕರೆಂಟಿನದು.
ಹಿಂದೆ ಮೂರು ಮೂಟೆ ಗೂಡು, ಪಕ್ಕದಲ್ಲಿ ಫರ್ಹಾನಾ, ಅಷ್ಟೇ ಜಾಗ.
ಷೋರೂಮಿನ ಹುಡುಗ ನವನೀತ ಬಟ್ಟೆಯಿಂದ ಗಾಜು ಒರೆಸಿ ಹೇಳಿದ:
"ಎಲ್ಲಾ ಇದರೊಳಗೇ ಇದೆ ಅಕ್ಕಾ. ಸುಮ್ನೆ ಮುಟ್ಟಿದ್ರೆ ಸಾಕು."

ಮುಟ್ಟಿದೆ.
ಅದಕ್ಕೆ ಗೊತ್ತೇ ಆಗಲಿಲ್ಲ.

ಇಪ್ಪತ್ತಾರು ವರ್ಷ ಬಿಸಿನೀರ ಬೇಸಿನ್ನಿಗೆ ಅದ್ದಿದ ಬೆರಳು.
ಗೆರೆಗಳು ಯಾವಾಗಲೋ ಬೆಂದುಹೋಗಿವೆ.
ರೇಷನ್ ಅಂಗಡಿಯ ಯಂತ್ರ ನನ್ನ ಹೆಬ್ಬೆಟ್ಟು ನೋಡಿ
"ಮತ್ತೊಮ್ಮೆ ಪ್ರಯತ್ನಿಸಿ" ಅನ್ನುತ್ತದೆ,
ತಿಂಗಳಿಗೊಮ್ಮೆ, ಮರ್ಯಾದೆಯಿಂದಲೇ.
ಇದೇ ಬೆರಳು
ಕುದಿಯುವ ನೊರೆಯೊಳಗೆ, ಹಬೆಗೆ ಕಣ್ಣು ಮುಚ್ಚಿಕೊಂಡೇ,
ಯಾವ ಗೂಡಿನ ಎಳೆ ಕಡಿದಿದೆ ಎಂದು ಹೇಳುತ್ತದೆ;
ತುದಿ ಹುಡುಕಿ, ಓಡುವ ಎಳೆಗೆ ಎಸೆದು, ಸೇರಿಸುತ್ತದೆ,
ಆಡುತ್ತಿದ್ದ ಮಾತು ನಿಲ್ಲಿಸದೆ.

ನೋಟೆಣಿಸುವವಳ ಹಾಗೆ ಬೆರಳು ನಾಲಿಗೆಗೆ ತಾಗಿಸಿ ಒತ್ತಿದೆ.
ಆಗ ಒಪ್ಪಿಕೊಂಡಿತು.

ಮಾಗಿಯ ಬೆಳಗು. ಲಾಟು ಕೈಯಲ್ಲಿ ಹಿಡಿದು ನೋಡಬೇಕಾದರೆ
ಮಾರ್ಕೆಟ್ಟಿಗೆ ಬೇಗ ಹೋಗಬೇಕು.
ಹೊರಗೆ ಮಂಜು, ಒಳಗೆ ಇಬ್ಬರ ಉಸಿರಿಗೆ ಮುಂಗಾಜು ಮಬ್ಬು.
ಗಾಜಿಗೆ ಗಾಳಿ ಬಿಡುವ ಚಿತ್ರ ಎಲ್ಲಿ?
ಮೊದಲು ಮನೆಯ ಚಿತ್ರ, ಆಮೇಲೆ ಫ್ಯಾನಿನ ಚಿತ್ರ,
ಆಮೇಲೆ ಸೊಟ್ಟ ಬಾಣದ ಮೂರು ಗೆರೆ.
ಅಷ್ಟರಲ್ಲಿ ಎದುರಿಗೆ ಹಿಪ್ಪುನೇರಳೆ ಸೊಪ್ಪು ಹೇರಿದ ಎಕ್ಸೆಲ್ಲು,
ಸವಾರನಿಲ್ಲದೆ ಸೊಪ್ಪೊಂದೇ ಬರುತ್ತಿರುವ ಹಾಗೆ.
ಫರ್ಹಾನಾ ದುಪಟ್ಟಾದಲ್ಲಿ ಗಾಜು ಒರೆಸಿದಳು:
"ಅಕ್ಕಾ, ರಸ್ತೆ ನೋಡು. ಟಿವಿ ಆಮೇಲೆ ನೋಡುವಂತೆ."

ಆವತ್ತೇ ಹಣೆಯ ಕಲ್ಲಿನ ಸ್ಟಿಕ್ಕರ್ ಕಿತ್ತು
ಬಾಣದ ಗೆರೆಗಳ ಪಕ್ಕಕ್ಕೆ ಅಂಟಿಸಿದೆ. ಹೆಸರುಕಾಳಿನಷ್ಟು ಉಬ್ಬು.
ವೈಪರಿನ ಕಡ್ಡಿಗೆ ಸಿಕ್ಕುಬಿದ್ದ ರೇಷ್ಮೆ ಏಳು ಸುತ್ತು ಸುತ್ತಿದೆ,
ಲೈಟಿನ ಕಡ್ಡಿ ಬೋಳಾಗೇ ಇರಲಿ ಎಂದು ಬಿಟ್ಟೆ.
ಸುತ್ತಿದ್ದು ನೀರು, ಬೋಳು ಬೆಳಕು.
ಕತ್ತಲಲ್ಲಿ ಕೈಗೆ ಓದಲು ಇಷ್ಟು ಅಕ್ಷರ ಸಾಕು.
ಒಂದು ವಾರ ನಾನೂ ಕಾರೂ ಹೊಂದಿಕೊಂಡಿದ್ದೆವು.

ಎಂಟನೇ ದಿನ ಪರದೆ ತಾನಾಗಿಯೇ ಹೇಳಿತು: ಹೊಸದಾಗಿದ್ದೇನೆ.
ರಾತ್ರಿ ಚಾರ್ಜಿಗೆ ಹಾಕಿ ಮಲಗಿದ್ದಾಗ
ಯಾರೋ ಎಲ್ಲಿಂದಲೋ ಗಾಳಿಯ ಚಿತ್ರವನ್ನು ಎಡಕ್ಕೆ ಸರಿಸಿ
ಆ ಜಾಗದಲ್ಲಿ ಹಾಡು ಇಟ್ಟು ಹೋಗಿದ್ದಾರೆ.
ಕಲ್ಲು ಸವರಿ ಒತ್ತಿದೆ.
ಮಂಜಿನ ನಡುವೆ ತೆಲುಗು ಪಾಟ, ಕಿವಿ ಕಿತ್ತುಹೋಗುವಷ್ಟು.

ನನ್ನ ಅಡುಗೆಮನೆಯಲ್ಲಿ ಉಪ್ಪಿನ ಭರಣಿ ಸರಿಸಿದರೆ
ಅತ್ತೆಯನ್ನೇ ಬಿಟ್ಟವಳಲ್ಲ ನಾನು.
ಇವರನ್ನು ಯಾವ ಬಾಗಿಲಿಗೆ ಹೋಗಿ ಬೈಯಲಿ?
ನವನೀತ ಫೋನಿನಲ್ಲಿ ಖುಷಿಯಾಗಿದ್ದ:
"ಮೊದಲು ಮೂರು ಸಲ ಒತ್ತಬೇಕಿತ್ತಲ್ಲಕ್ಕಾ, ಈಗ ಎರಡೇ."
ಒತ್ತುವುದಲ್ಲಪ್ಪಾ ಕಷ್ಟ,
ನೋಡುವುದು.

ಒಂದೂ ಇಲ್ಲ ಎಂದದ್ದು ಸುಳ್ಳು. ಒಂದಿದೆ.
ಗಾಜಿನ ಕೆಳಗೆ ಕೆಂಪು ತ್ರಿಕೋನ. ಒತ್ತಿದರೆ ಒಳಗೆ ಹೋಗುತ್ತದೆ,
ಟಕ್ ಎಂದು ಉತ್ತರ ಕೊಡುತ್ತದೆ.
ಗಾಬರಿಯಾದಾಗ ಕೈ ಕಣ್ಣನ್ನು ಕೇಳುವುದಿಲ್ಲ ಎಂದು
ತಿಳಿದವರು ಯಾರೋ ಒಬ್ಬರು
ಇದನ್ನೆಲ್ಲ ತೀರ್ಮಾನಿಸಿದ ಕೋಣೆಯಲ್ಲಿ ಕೂತಿದ್ದರು.
ಅವರ ಮಾತು ಅಷ್ಟಕ್ಕೇ ನಡೆದಿರಬೇಕು.

ಮಾರ್ಕೆಟ್ಟಿನಲ್ಲಿ ಮೊಣಕೈ ತನಕ ಲಾಟಿನೊಳಗೆ ಕೈ ಇಳಿಸಿದೆ.
ಗಟ್ಟಿ, ಗಟ್ಟಿ, ಒಂದು ಮೆತ್ತಗೆ, ಮತ್ತೆ ಗಟ್ಟಿ.
ಅಷ್ಟು ಹೊತ್ತೂ ಫರ್ಹಾನಾಳ ಮುಖ ನೋಡುತ್ತಾ
ಅವಳ ಮಗಳ ಪರೀಕ್ಷೆಯ ಸುದ್ದಿ ಕೇಳುತ್ತಿದ್ದೆ.

ವಾಪಸ್ಸು ಹೊರಡುವಾಗ ಸ್ಟಿಕ್ಕರ್ ಕಿತ್ತು ಎಡಕ್ಕೆ ಅಂಟಿಸಿದೆ.
ಗೋಂದು ಹೋಗಿದೆ, ನಿಲ್ಲಲಿಲ್ಲ.
ಪರ್ಸಿನ ಹಾಳೆಯಲ್ಲಿ ಇನ್ನೂ ಹನ್ನೊಂದಿವೆ.